ಬೀಳುವವನ ಕೆಲಸ

ಅರವತ್ತು ವರ್ಷದ ಬಾಳಿನಲ್ಲಿ ಶಿವಮಲ್ಲಪ್ಪನ ಬೆನ್ನಿಗೆ ಒಮ್ಮೆಯೂ ಮಣ್ಣು ತಾಗಿರಲಿಲ್ಲ. ಇದನ್ನು ಅವನೇ ಹೇಳುತ್ತಿದ್ದ. ಕೇಳಿದವರಿಗೆ ಹೇಳುತ್ತಿದ್ದ, ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಿದ್ದ. ಮೈಸೂರಿನ ಲಕ್ಷ್ಮೀಪುರಂನಲ್ಲಿ ಅವನು ಬಾಡಿಗೆಗಿದ್ದ ಒಂದೂವರೆ ಕೋಣೆಯ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ತರುವವನಿಗೂ ಆ ವಿಷಯ ಬಾಯಿಪಾಠವಾಗಿತ್ತು. ಕುಸ್ತಿಯಲ್ಲಿ ಎಷ್ಟು ಜನರನ್ನು ಎತ್ತಿ ಒಗೆದೆ ಎಂಬುದು ಆಮೇಲಿನ ಮಾತು. ಗರಡಿಯ ಮಟ್ಟಿಗೆ, ಅಂದರೆ ಕುಸ್ತಿಯಾಡುವ ಆ ಕೆಮ್ಮಣ್ಣಿಗೆ, ನಿನ್ನ ಬೆನ್ನು ತಾಗಿತೋ ಇಲ್ಲವೋ ಎಂಬುದೇ ಮೊದಲ ಮಾತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಗುವ ಜನ ಇವನನ್ನು ನೋಡಿ ನಗುವಂತಿರಲಿಲ್ಲ. ಇವನು ಬಿದ್ದೇ ಇರಲಿಲ್ಲ.

ಬೀಳದವನ ಮನೆಗೆ ಯಾರೂ ಬರುತ್ತಿರಲಿಲ್ಲ, ಅದು ಬೇರೆ ವಿಷಯ. ಕುಸ್ತಿಯ ದಿನಗಳಲ್ಲಿ ಬ್ರಹ್ಮಚರ್ಯವೆಂದು ಮದುವೆ ಮುಂದೂಡಿದ್ದ. ಕುಸ್ತಿ ಬಿಟ್ಟ ಮೇಲೆ ಹೆಣ್ಣು ಕೊಡುವವರೇ ಅವನನ್ನು ಮುಂದೂಡಿದರು. ಒಂದು ಖಾಸಗಿ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಒಂದು ಲೋಟ ಅಕ್ಕಿ ಬೇಯಿಸಿ ಎರಡು ಹೊತ್ತೂ ಅದನ್ನೇ ಉಣ್ಣುತ್ತಿದ್ದ. ಭಾನುವಾರ ಮಧ್ಯಾಹ್ನ ಕೂತು, ಕೊನೆಯ ಸಲ ಯಾರ ಹತ್ತಿರ ಮಾತಾಡಿದೆ ಎಂದು ಯೋಚಿಸಿದರೆ ಶುಕ್ರವಾರಕ್ಕೆ ಹೋಗಬೇಕಾಗುತ್ತಿತ್ತು. ಅದೂ ಹಾಲಿನ ಬೂತಿನವನ ಹತ್ತಿರ, ಅರ್ಧ ಲೀಟರ್ ಎಂದಷ್ಟೇ.

ಅಂಥ ಮನೆಗೆ ಒಂದು ಬುಧವಾರ ಲಾಸ್ಯ ಎಂಬ ಹುಡುಗಿ ಬಂದಳು. ಜಯಲಕ್ಷ್ಮಿಪುರಂನವಳು, ಇಪ್ಪತ್ತೆಂಟರ ವಯಸ್ಸು, ಮೊದಲ ಸಿನಿಮಾ ಮಾಡಲು ಹೊರಟಿದ್ದಳು. ಕುಸ್ತಿಯ ಸಿನಿಮಾ. ಶಿವಮಲ್ಲಪ್ಪ ಇದ್ದ ಒಂದೇ ಕುರ್ಚಿಯನ್ನು ಅವಳಿಗೆ ಕೊಟ್ಟು ತಾನು ಮಂಚದ ಮೇಲೆ ಎದೆ ಸೆಟೆಸಿ ಕೂತ.

"ಇಬ್ಬರು ಹಳೇ ಪೈಲ್ವಾನರ ಕಥೆ ಸರ್. ವಯಸ್ಸಾದ ಮೇಲೆ ಕೊನೇ ಸಲ ಮಟ್ಟಿಗೆ ಇಳೀತಾರೆ. ನಿಮ್ದು ಗರ್ವದ ಪಾತ್ರ. ಕೊನೇಲಿ ಬೀಳ್ತೀರಿ."

"ನಾನು ಬೀಳಲ್ಲ ಕಣಮ್ಮ."

"ಸಿನಿಮಾದಲ್ಲಿ ಸರ್."

"ಸಿನಿಮಾದಲ್ಲೂ ಬೀಳಲ್ಲ. ಎದುರಿಗೆ ಯಾರು?"

"ಹಿನಕಲ್‌ನ ಮಹದೇವಪ್ಪನವರು. ಹಳೇ ದಸರಾ ಪೋಸ್ಟರ್‌ನಲ್ಲಿ ನಿಮ್ಮಿಬ್ಬರ ಫೋಟೋ ಒಟ್ಟಿಗೆ ನೋಡಿದೆ, ಅದಕ್ಕೇ ಹುಡುಕ್ಕೊಂಡು ಹೋದೆ. ಒಪ್ಕೊಂಡಿದ್ದಾರೆ. ಆದ್ರೆ, ಶಿವಮಲ್ಲು ಬೀಳ್ತಾನಾ ಅಂತ ಮೊದ್ಲು ಕೇಳ್ಕೊಂಡು ಬಾರಮ್ಮ ಅಂದ್ರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶಿವಮಲ್ಲಪ್ಪ ತಡೆಯಲಾರದೆ ಕೇಳಿಯೇ ಬಿಟ್ಟ. "ಅವನ ಸೊಂಟದ ವಿಷಯ ಏನಾದ್ರೂ ಹೇಳಿದ್ನಾ?"

"ಹೇಳಿದ್ರು ಸರ್. ಯಾವುದೋ ಶೂಟಿಂಗ್‌ನಲ್ಲಿ ಕಾಲು ಜಾರಿ ಮುರೀತಂತೆ. ಪಾಪ."

ಇಪ್ಪತ್ತಾರು ವರ್ಷದ ಮೇಲೂ ಮಹದೇವಪ್ಪ ಕಾಲು ಜಾರಿತೆಂದೇ ಹೇಳುತ್ತಿದ್ದಾನೆ! ಶಿವಮಲ್ಲಪ್ಪ ಯೋಚನೆ ಮಾಡಿ ಹೇಳುತ್ತೇನೆಂದು ಹುಡುಗಿಯನ್ನು ಸಾಗಹಾಕಿದ. ಹೋಗುವಾಗ ಅವಳಿಗೆ ಬೆನ್ನಿಗೆ ಮಣ್ಣು ತಾಗದ ಕಥೆಯನ್ನು ಹೇಳಲಿಲ್ಲ. ಅದನ್ನು ಹೇಳದೆ ಅವನು ಯಾರನ್ನೂ ಕಳಿಸಿದವನಲ್ಲ.

ನಡೆದದ್ದು ಇಷ್ಟು. ಇಬ್ಬರೂ ಬೇರೆ ಬೇರೆ ಗರಡಿಯವರು. ದಸರಾ ಕುಸ್ತಿಗೆ ಮುಂಚೆ ಹಿರಿಯ ಉಸ್ತಾದರೆಲ್ಲ ಕೂತು ಪೈಲ್ವಾನರ ಎತ್ತರ, ತೂಕ, ವರಸೆ ನೋಡಿ ಯಾರಿಗೆ ಯಾರು ಎಂದು ಜೋಡಿ ಕಟ್ಟುತ್ತಾರೆ. ಗಂಡು ಹೆಣ್ಣಿಗೆ ಜಾತಕ ನೋಡುವುದಕ್ಕಿಂತ ಹೆಚ್ಚಿನ ಜಗಳ ಅಲ್ಲಿ ನಡೆಯುತ್ತದೆ. ಆದರೆ ಶಿವಮಲ್ಲಪ್ಪ ಮಹದೇವಪ್ಪರ ಜೋಡಿಗೆ ಮಾತ್ರ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ನಾಲ್ಕು ದಸರೆಗಳಲ್ಲಿ ನಾಲ್ಕು ಸಲ ಕಟ್ಟಿದರು, ನಾಲ್ಕು ಸಲವೂ ಸಮ. ಅವನೂ ಬೀಳಲಿಲ್ಲ, ಇವನೂ ಬೀಳಲಿಲ್ಲ. ಮಟ್ಟಿಯಲ್ಲಿ ಮುಖಾಮುಖಿ ನಿಂತವರು ಹೊರಗೆ ಒಂದೇ ಲೋಟದಲ್ಲಿ ಬಾದಾಮಿ ಹಾಲು ಕುಡಿಯುವಷ್ಟು ಹತ್ತಿರವಾದರು. ಗರಡಿಗಳಲ್ಲಿ ಒಂದು ನೇಮವಿತ್ತು. ಒಮ್ಮೆ ಜೋಡಿ ಕಟ್ಟಿದ ಮೇಲೆ ಗೆದ್ದರೂ ಸೋತರೂ ಜೋಡಿಯವನ ಮೇಲೆ ಹೊರಗೆ ದೂರು ಹೇಳಬಾರದು.

ಆಮೇಲೆ ಮೈಸೂರಿಗೆ ಒಂದು ಸಿನಿಮಾದವರು ಬಂದರು. ಫೈಟಿಗೆ ಮೈಕಟ್ಟಿನ ಜನ ಬೇಕಾಗಿತ್ತು. ಮಹದೇವಪ್ಪನ ಭುಜ, ನಡಿಗೆ ಎಲ್ಲ ನಾಯಕನ ಹಾಗೇ ಇದ್ದುದರಿಂದ ಅವನಿಗೆ ನಾಯಕನ ಶರ್ಟು, ವಿಗ್ಗು ತೊಡಿಸಿ ಡ್ಯೂಪ್ ಮಾಡಿದರು. ಶಿವಮಲ್ಲಪ್ಪ ಖಳನ ಕಡೆಯ ಪೈಲ್ವಾನ. ಫೈಟ್ ಮಾಸ್ಟರ್ ಇಬ್ಬರನ್ನೂ ನಿಲ್ಲಿಸಿಕೊಂಡು ಪಾಠ ಹೇಳಿದ. "ನೋಡ್ರಪ್ಪ, ಸಿನಿಮಾದಲ್ಲಿ ಹೊಡೆಯೋನು ಕೈ ಬೀಸ್ತಾನೆ ಅಷ್ಟೆ. ಫೈಟ್ ಮಾಡೋನು ಬೀಳೋನು. ನಾನು ಎರಡು ಅಂದಾಗ ಬೀಳೋನೇ ಹಾರ್ಬೇಕು. ಎತ್ತೋನು ಸುಮ್ನೆ ಕೈ ಕೊಟ್ಟಿರ್ತಾನೆ. ಅವನು ಇವನನ್ನ ನಂಬಿರ್ತಾನೆ, ಇವನು ಅವನನ್ನ ನಂಬಿರ್ತಾನೆ. ಇಷ್ಟೇ ವಿದ್ಯೆ."

ಕೇಳಲು ಸುಲಭ. ಆದರೆ ಶೂಟಿಂಗ್ ನೋಡಲು ಎರಡೂ ಗರಡಿಯ ಹುಡುಗರು ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದರು. ಕ್ಯಾಮೆರಾಕ್ಕೆ ಅದು ನಾಯಕ ಖಳರ ಕಾಳಗ. ಕಾಂಪೌಂಡಿನ ಮೇಲೆ ಕೂತವರಿಗೆ ಅದು ಶಿವಮಲ್ಲು, ಮಾದೇವ. ನಾಲ್ಕು ವರ್ಷ ಸಮವಾಗಿದ್ದದ್ದು ಇವತ್ತು ಒಂದು ವಿಗ್ಗಿನ ಮುಂದೆ ಬಗೆಹರಿದುಬಿಡುತ್ತದಲ್ಲ ಎಂದು ಶಿವಮಲ್ಲಪ್ಪನಿಗೆ ಅನ್ನಿಸಿತು. ಮಾಸ್ಟರ್ ಒಂದು ಎಂದ. ಎರಡು ಎಂದ. ಶಿವಮಲ್ಲಪ್ಪ ಹಾರಲಿಲ್ಲ. ಕಾಲೂರಿ ನಿಂತು, ಸೊಂಟ ತಿರುಗಿಸಿ, ಮಹದೇವಪ್ಪನನ್ನೇ ಎತ್ತಿ ಹಾಕಿದ. ಮಹದೇವಪ್ಪ ಪಟ್ಟು ಹಿಡಿದು ಬಂದಿರಲಿಲ್ಲ, ನಂಬಿ ಬಂದಿದ್ದ. ಹಾಸಿಗೆ ಹಾಸಿದ್ದು ಶಿವಮಲ್ಲಪ್ಪ ಬೀಳಬೇಕಾಗಿದ್ದ ಕಡೆ. ಇನ್ನೊಂದು ಕಡೆ ಬರೀ ಚಪ್ಪಡಿ ಕಲ್ಲು.

"ಕಾಲು ಜಾರ್ತು, ಕಾಲು ಜಾರ್ತು!" ಎಂದು ಮೊದಲು ಕೂಗಿದವನು ಶಿವಮಲ್ಲಪ್ಪನೇ. ಧೂಳಿನಲ್ಲಿ ಯಾರಿಗೆ ಏನು ಕಂಡಿತೋ, ಎಲ್ಲರೂ ಅದನ್ನೇ ಹೇಳಿದರು. ಕಲ್ಲಿನ ಮೇಲೆ ಬಿದ್ದಿದ್ದ ಮಹದೇವಪ್ಪ ಕಣ್ಣು ಬಿಟ್ಟು ಇವನ ಮುಖವನ್ನು ನೋಡಿದ. ಆಮೇಲೆ ಕೇಳಿದವರಿಗೆ ಅವನೂ ಅದನ್ನೇ ಹೇಳಿದ. ಸೊಂಟದ ಮೂಳೆ ಮುರಿದಿತ್ತು. ಅವನು ಮತ್ತೆ ಮಟ್ಟಿಗಿಳಿಯಲಿಲ್ಲ. ಶಿವಮಲ್ಲಪ್ಪ ಆಸ್ಪತ್ರೆಯ ಗೇಟಿನವರೆಗೆ ಎರಡು ಸಲ ಹೋಗಿ ಎರಡು ಸಲವೂ ವಾಪಸು ಬಂದ. ಫೈಟ್ ಮಾಸ್ಟರ್ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಆಮೇಲೆ ಯಾವ ಸಿನಿಮಾದವರೂ ಶಿವಮಲ್ಲಪ್ಪನನ್ನು ಕರೆಯಲಿಲ್ಲ. ಬೀಳಲು ಬಾರದವನ ಎದುರಿಗೆ ನಿಲ್ಲುವ ಧೈರ್ಯ ಯಾರಿಗಿದೆ? ಅವನೂ ಗರಡಿಯ ಬೀದಿಗೆ ಕಾಲಿಡುವುದನ್ನು ನಿಲ್ಲಿಸಿದ. ಬೆನ್ನೊಂದು ಚೊಕ್ಕಟವಾಗಿ ಉಳಿಯಿತು.

ಲಾಸ್ಯ ಬಂದುಹೋದ ಮೇಲೆ ಒಂದು ವಾರ ಶಿವಮಲ್ಲಪ್ಪ ಅನ್ನ ಬೇಯಿಸುತ್ತಿದ್ದ, ಉಣ್ಣುವುದು ಮರೆಯುತ್ತಿದ್ದ. ಬೆನ್ನಿಗೆ ಮಣ್ಣು ತಾಗದೆ ಸತ್ತರೂ ಹೊರುವುದಕ್ಕೆ ನಾಲ್ಕು ಜನ ಬೇಕಲ್ಲ, ಅವರು ಯಾರು ಎಂದು ಬೆರಳು ಮಡಚಿ ನೋಡಿದ. ಮನೆ ಓನರು ಒಬ್ಬ, ಸಿಲಿಂಡರಿನವನು ಇನ್ನೊಬ್ಬ. ಮೂರನೆಯ ಬೆರಳು ಮಡಚಲಾಗಲಿಲ್ಲ. ಎಂಟನೆಯ ದಿನ ಲಾಸ್ಯಳಿಗೆ ಫೋನ್ ಮಾಡಿದ. "ಬೀಳ್ತಾನಂತೆ ಅಂತ ಮಾದೇವನಿಗೆ ಹೇಳಮ್ಮ."

ಶೂಟಿಂಗ್ ಒಂದು ಹಳೆಯ ಗರಡಿಯಲ್ಲಿ, ಭಾನುವಾರ ಬೆಳಿಗ್ಗೆ. ಮಟ್ಟಿಗೆ ಅರಿಶಿನ ಕುಂಕುಮ ಹಾಕಿ ಪೂಜೆ ಮಾಡಿದ್ದರು. ಗರಡಿಯ ಹಿರಿಯರು, ಅವರ ಶಿಷ್ಯರು ಗೋಡೆಗೊರಗಿ ನಿಂತಿದ್ದರು. ಮಹದೇವಪ್ಪ ಆಟೋದಿಂದ ಊರುಗೋಲು ಹಿಡಿದು ಇಳಿದ. ಆ ಭುಜಗಳೆಲ್ಲ ಎಲ್ಲಿ ಹೋದವೋ, ಶರ್ಟು ಮೊಳೆಗೆ ತಗುಲಿಹಾಕಿದಂತೆ ನೇತಾಡುತ್ತಿತ್ತು. ಅದನ್ನು ನೋಡಿ ಶಿವಮಲ್ಲಪ್ಪನಿಗೆ ಅಳು ಬಂತು. ನುಂಗಿಕೊಂಡ.

"ಬಂದ್ಯಾ?" ಎಂದ ಮಹದೇವಪ್ಪ.

"ಬಂದೆ."

"ಬೀಳ್ತೀಯಾ?"

"ಬೀಳ್ತೀನಿ ಕಣೋ."

ಅಭ್ಯಾಸಕ್ಕೆ ನಿಂತಾಗ ತಿಳಿಯಿತು, ಮಹದೇವಪ್ಪನಿಂದ ಒಂದು ಬಿಂದಿಗೆ ನೀರನ್ನೂ ಎತ್ತಲಾಗುವುದಿಲ್ಲ ಎಂದು. ಎಡಗಾಲು ಊರಿದರೆ ಕೈ ನಡುಗುತ್ತಿತ್ತು. ಸಿನಿಮಾದವರು ಶಿವಮಲ್ಲಪ್ಪನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಿಂದ ಎಳೆಯುತ್ತೇವೆಂದರು.

"ಹಗ್ಗ ಬ್ಯಾಡ ಬುಡಿ. ಎತ್ತೋ ಕೆಲಸಾನೂ ನಂದೇ," ಎಂದ ಶಿವಮಲ್ಲಪ್ಪ.

ಲಾಸ್ಯ ಆಕ್ಷನ್ ಎಂದಳು. ಮಹದೇವಪ್ಪನ ಎರಡು ಬಡಕಲು ಕೈಗಳು ಶಿವಮಲ್ಲಪ್ಪನ ತೊಡೆಗೂ ತೋಳಿಗೂ ಬರೀ ತಾಗಿದವು, ಅಷ್ಟೆ. ಮಿಕ್ಕಿದ್ದನ್ನೆಲ್ಲ ಇವನು ಮಾಡಿದ. ಅರವತ್ತರ ಮೊಣಕಾಲುಗಳಿಂದ ನೆಲ ಒದ್ದು ಹಾರಿದ. ಆ ನಡುಗುವ ಕೈಗಳೇ ತನ್ನನ್ನು ಎತ್ತಿದವೆಂದು ಕಾಣುವ ಹಾಗೆ ಗಾಳಿಯಲ್ಲಿ ಮೈಯನ್ನು ಒಂದು ಕ್ಷಣ ತಡೆದು, ಮಗುಚಿ, ಪೂರಾ ಬೆನ್ನು ಕೊಟ್ಟು ಬಿದ್ದ. ಎಣ್ಣೆ ಮಜ್ಜಿಗೆ ಕಲೆಸಿದ ಮಟ್ಟಿ ತಣ್ಣಗಿತ್ತು. ಇದಕ್ಕಾಗಿಯೇ ಇಷ್ಟು ವರ್ಷ ಹೆದರಿದೆನೇ ಎನ್ನಿಸಿತು. ಮೇಲೆ ಮಹದೇವಪ್ಪನ ಮುಖ ಕಂಡಿತು, ಅವತ್ತು ಕಲ್ಲಿನ ಮೇಲಿಂದ ನೋಡಿದ ಅದೇ ಕಣ್ಣು. ಶಿವಮಲ್ಲಪ್ಪನ ಬಾಯಿಂದ ತಾನಾಗಿ ಬಂತು.

"ಮಾದೇವ, ಅವತ್ತು ನಿನ್ನ ಕಾಲು ಜಾರಲಿಲ್ಲ ಕಣೋ. ನಾನು ಹಾರಲಿಲ್ಲ. ಬೇಕಂತಲೇ ತಿರುಗಿಸಿದೆ. ನಿನ್ನ ಸೊಂಟ ಮುರಿದೋನು ನಾನು."

"ಕಟ್!" ಎಂದು ಲಾಸ್ಯ ಓಡಿಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ಸರ್, ಈ ಡೈಲಾಗ್ ಎಲ್ಲಿತ್ತು ಸರ್! ನಾನು ಬರೆದೇ ಇಲ್ಲ. ಸೂಪರ್ ಸರ್!" ಗರಡಿಯವರೆಲ್ಲ ಚಪ್ಪಾಳೆ ತಟ್ಟಿದರು. ಹಿರಿಯ ಉಸ್ತಾದರೊಬ್ಬರು ಭಲೇ ಎಂದರು.

ಇಲ್ಲಿಗೆ ಎದ್ದುಬಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಆ ಚಪ್ಪಾಳೆ ಇದೆಯಲ್ಲ, ಅದು ಹಾಳು ಜಾತಿಯದು. ಇಪ್ಪತ್ತಾರು ವರ್ಷ ಅದನ್ನು ಕೇಳದ ಕಿವಿಗೆ ಅಮೃತ ಬಿದ್ದಂತಾಯಿತು. ಅದು ಡೈಲಾಗಲ್ಲ ಕಣಮ್ಮ, ನಿಜ ಎಂದು ಹೇಳಲು ಬಾಯಿ ತೆರೆದವನು ನಕ್ಕು ಸುಮ್ಮನಾದ. ಲಾಸ್ಯ, ಇನ್ನೊಂದು ಟೇಕ್ ಸರ್, ಹತ್ತಿರದಿಂದ, ಎಂದಳು. ಶಿವಮಲ್ಲಪ್ಪ ಮತ್ತೆ ಮಟ್ಟಿಯ ಮೇಲೆ ಮಲಗಿ ಮತ್ತೆ ಹೇಳಿದ. ಈ ಸಲ "ಬೇಕಂತಲೇ" ಎಂಬಲ್ಲಿ ಸ್ವಲ್ಪ ತಡೆದ. ಮೂರನೆಯ ಟೇಕಿನಲ್ಲಿ ಸರಿಯಾದ ಜಾಗದಲ್ಲಿ ಕಣ್ಣೀರೂ ಬಂತು. ಲೈಟಿನವನೂ ಮೂಗು ಒರೆಸಿಕೊಂಡ.

ಅಷ್ಟು ಹೊತ್ತೂ ಮಹದೇವಪ್ಪ ಊರುಗೋಲಿಲ್ಲದೆ ಎಡಗಾಲು ನಡುಗಿಸುತ್ತ ನಿಂತಿದ್ದ. ಎಲ್ಲ ಮುಗಿದ ಮೇಲೆ ಶಿವಮಲ್ಲಪ್ಪ ಮೈಯ ಮಣ್ಣು ಕೊಡವಿಕೊಳ್ಳುತ್ತ ಅವನ ಹತ್ತಿರ ಹೋದ. ತಬ್ಬಿಕೊಳ್ಳುತ್ತಾನೆಂದೇ ಅಂದುಕೊಂಡಿದ್ದ.

"ಮೂರು ಸಲ ಹೇಳಿದೆ ನೀನು, ಶಿವಮಲ್ಲು," ಎಂದ ಮಹದೇವಪ್ಪ, ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ. "ಮೂರು ಸಲಾನೂ ಕ್ಯಾಮೆರಾಗೆ ಹೇಳಿದೆ. ನಮ್ಮನೇಲಿ ಒಬ್ಬಳಿದ್ದಾಳೆ. ಅವಳು ಸಿನಿಮಾ ನೋಡಲ್ಲ."

ಊರುಗೋಲು ತೆಗೆದುಕೊಂಡು ಆಟೋ ಹತ್ತಿ ಹೊರಟುಹೋದ.

ಮುಂದಿನ ದಿನಗಳು ಶಿವಮಲ್ಲಪ್ಪನಿಗೆ ಹಿಂದಿನ ಇಪ್ಪತ್ತಾರು ವರ್ಷಕ್ಕಿಂತ ಕಷ್ಟವಾದವು. ಮೊದಲಾದರೆ ಒಂದು ಸುಳ್ಳಿತ್ತು, ಅದರ ಜೊತೆಗಾದರೂ ಬದುಕಬಹುದಾಗಿತ್ತು. ಈಗ ನಿಜವನ್ನೇ ಮೂರು ಸಲ ನಟಿಸಿ ಬಂದಿದ್ದ. ಲಾಸ್ಯ ಫೋನಿಗೆ ಆ ದೃಶ್ಯದ ತುಣುಕು ಕಳಿಸಿದಳು. ನೋಡಿದ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದಕ್ಕೇ ತನ್ನ ಮೇಲೆ ತನಗೆ ಹೇಸಿಗೆಯಾಯಿತು. ಫೋನನ್ನು ದಿಂಬಿನ ಕೆಳಗೆ ತುರುಕಿ, ಗೋಡೆ ನೋಡುತ್ತ ಕೂತ. ಯಾರಾದರೂ ಬಂದು ಒಂದು ಮಾತು ಬೈದಿದ್ದರೂ ಸಾಕಿತ್ತು. ಯಾರೂ ಬರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಹಿನಕಲ್ ಬಸ್ಸು ಹತ್ತಿದ. ಊರೊಳಗಿನ ಓಣಿಯಲ್ಲಿ ಮಹದೇವಪ್ಪನ ಮನೆ, ಮನೆಯ ಮುಂಭಾಗವೇ ಚಿಲ್ಲರೆ ಅಂಗಡಿ. ತಕ್ಕಡಿಯ ಹಿಂದೆ ಅವನ ಹೆಂಡತಿ ಸುಮಿತ್ರಮ್ಮ ಕೂತಿದ್ದಳು. ಮದುವೆಯಲ್ಲಿ ಅವಳ ತಲೆಗೆ ಅಕ್ಷತೆ ಹಾಕಿದವರಲ್ಲಿ ಶಿವಮಲ್ಲಪ್ಪನೂ ಒಬ್ಬ. ಅವಳು ನೋಡಿದ ಕೂಡಲೇ ಗುರುತು ಹಿಡಿದಳು.

"ಅಯ್ಯೋ, ಪೈಲ್ವಾನ್ರು! ಬನ್ನಿ ಬನ್ನಿ, ಕೂತ್ಕೊಳ್ಳಿ. ಎಷ್ಟು ವರ್ಷ ಆಯ್ತು ಮುಖ ನೋಡಿ!" ಎಂದು ಸ್ಟೂಲ್ ಎಳೆದು ಒರೆಸಿಕೊಟ್ಟಳು. "ನಿಮ್ಮ ಜೋಡಿ ಒಳಗೇ ಅವ್ರೆ ನೋಡಿ. ಶೂಟಿಂಗ್ ಮುಗಿಸ್ಕೊಂಡು ಬಂದು ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಅವತ್ತೊಂದಿನ ನೆಲ ನೋಡ್ಕೊಂಡು ಕಾಲಿಟ್ಟಿದ್ರೆ ಇದೆಲ್ಲ ಇರ್ತಿತ್ತಾ ಹೇಳಿ? ಕಣ್ಣು ಆಕಾಶದ ಮೇಲೆ. ಹುಟ್ಟಿದಾಗಿಂದ ಅಷ್ಟೇ, ನಡೆಯೋಕೂ ಬರಲ್ಲ ಇವರಿಗೆ."

ಒಳಗೆ ಹಜಾರದಲ್ಲಿ ಮಹದೇವಪ್ಪ ಕುರ್ಚಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ. ಮಳೆ ಬಂದರೆ ಸೂರಿನ ಕೆಳಗೆ ನಿಲ್ಲುವ ದನದ ಹಾಗೆ, ಈ ಮಾತುಗಳು ಬಂದು ಹೋಗುವುದನ್ನು ಕಾಯುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಶಿವಮಲ್ಲಪ್ಪನಿಗೆ ಆಗ ಗೊತ್ತಾಯಿತು. ತನ್ನ ಸುಳ್ಳು ಇವನ ಸೊಂಟಕ್ಕೇ ನಿಂತಿರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಈ ಮನೆಯಲ್ಲಿ ಊಟ ತಿಂಡಿಯ ಜೊತೆಗೆ ತಟ್ಟೆಗೆ ಬೀಳುತ್ತಿತ್ತು.

ಮೂರನೆಯ ಟೇಕಿನ ಆ ಸೊಗಸಾದ ಮಾತು ಈಗ ಒಂದೂ ಬಾಯಿಗೆ ಬರಲಿಲ್ಲ. "ಅದು ಅವನ ತಪ್ಪಲ್ಲ ತಾಯಿ," ಎಂದ. "ಜಾರಲಿಲ್ಲ. ಅವನು ಸರಿಯಾಗೇ ಕಾಲಿಟ್ಟಿದ್ದ. ಅವನು ನನ್ನ ಎತ್ತಬೇಕಾಗಿತ್ತು, ನಾನು ಹಾರಬೇಕಾಗಿತ್ತು. ನಾನೇ... ಎಲ್ಲರೂ ನೋಡ್ತಿದ್ರು ಅಂತ... ಅವನನ್ನೇ ಎತ್ತಿ ಕಲ್ಲಿನ ಮೇಲೆ ಹಾಕ್ಬುಟ್ಟೆ. ಆಮೇಲೆ ನಾನೇ ಜಾರ್ತು ಅಂತ ಕೂಗಿದೆ."

ಸುಮಿತ್ರಮ್ಮನ ಕೈಯಲ್ಲಿ ಬೇಳೆಯ ಪೊಟ್ಟಣವಿತ್ತು. ಅದನ್ನು ಕೆಳಗಿಟ್ಟಳು. ಶಿವಮಲ್ಲಪ್ಪನನ್ನು ನೋಡಲಿಲ್ಲ, ಒಳಗೆ ತಿರುಗಿದಳು.

"ಏನ್ರೀ, ನಿಜಾನಾ?"

ಮಹದೇವಪ್ಪ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿದ.

"ಕೇಳ್ತಿರೋದು ನಿಮ್ಮನ್ನ. ಯಾಕೆ ಹೇಳಲಿಲ್ಲ ನಂಗೆ?"

"ಜೋಡಿ ಮೇಲೆ ದೂರು ಹೇಳ್ಬಾರ್ದು ಸುಮಿತ್ರಾ," ಎಂದ ಮಹದೇವಪ್ಪ.

ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. ಶಿವಮಲ್ಲಪ್ಪ ಎದ್ದ. ಬಂದ ಕೆಲಸ ಆಯಿತು, ಇನ್ನು ಈ ಮನೆಯ ಹೊಸಿಲಿನ ಋಣ ತೀರಿತು ಎಂದುಕೊಂಡು ಕೈ ಮುಗಿದು ಮೆಟ್ಟಿಲು ಇಳಿಯಹೊರಟ.

"ಎಲ್ಲಿಗೆ ಹೊರಟ್ರಿ?" ಎಂದಳು ಸುಮಿತ್ರಮ್ಮ. "ಇಪ್ಪತ್ತಾರು ವರ್ಷ ಈ ಮನುಷ್ಯನ್ನ ಬೈದೆ. ಕುರುಡ ಅಂದೆ, ದಂಡಪಿಂಡ ಅಂದೆ. ಮಗಳ ಮದುವೇಲಿ ನೆಂಟರ ಮುಂದೆ ಅಂದೆ. ಒಂದು ಮಾತು ಎದುರಾಡಲಿಲ್ಲ. ಅಷ್ಟೂ ಬೈಗುಳ ನಿಮಗೆ ಸೇರಬೇಕಾದ್ದು ಪೈಲ್ವಾನ್ರೇ. ನಿಂತ್ಕೊಳ್ಳಿ ಅಲ್ಲೇ. ಒಂದೂ ಬಿಡದಂಗೆ ಕೇಳಿಸ್ಕೊಂಡು ಹೋಗಿ."

ಶಿವಮಲ್ಲಪ್ಪ ನಿಂತ. ಸುಮಿತ್ರಮ್ಮ ಆಸ್ಪತ್ರೆಯ ಮೊದಲ ದಿನದಿಂದ ಶುರು ಮಾಡಿದಳು. ಪಕ್ಕದ ಮನೆಯ ಹೆಂಗಸು ಕೊತ್ತಂಬರಿಗೆ ಬಂದವಳು ಹೋಗದೆ ನಿಂತಳು. ಎದುರು ಮನೆಯ ಬಾಗಿಲು ತೆರೆಯಿತು. ಕಂಕುಳಲ್ಲಿ ಕೈಕೊಟ್ಟು ಗಂಡನನ್ನು ಬಚ್ಚಲಿಗೆ ಕರೆದೊಯ್ದದ್ದು, ಕೈಗೂಸನ್ನು ಮಡಿಲಲ್ಲಿಟ್ಟುಕೊಂಡು ತಕ್ಕಡಿ ಹಿಡಿದದ್ದು, ಚಳಿಗಾಲದಲ್ಲಿ ಆ ಮನುಷ್ಯ ಹಲ್ಲು ಕಚ್ಚಿಕೊಂಡು ನರಳುತ್ತಿದ್ದದ್ದು, ಅದಕ್ಕೂ ತಾನು ಬೈದದ್ದು. ಬೀದಿಯವರ ಮುಂದೆ ಒಂದೊಂದಾಗಿ ಹೇಳುತ್ತ, ಅಳುತ್ತ, ಬೈದಳು. ಶಿವಮಲ್ಲಪ್ಪ ತಲೆ ತಗ್ಗಿಸಿ, ಕೈ ಕಟ್ಟಿಕೊಂಡು, ಒಂದು ಮಾತೂ ತಪ್ಪದ ಹಾಗೆ ಕೇಳಿದ. ಅವನಿಗೆ ನಾಚಿಕೆಯಾಯಿತು, ನೋವಾಯಿತು. ಯಾರಾದರೂ ಅವನೊಡನೆ ಒಂದೇ ಸಮನೆ ಇಷ್ಟು ಹೊತ್ತು ಮಾತಾಡಿ ಎಷ್ಟೋ ವರ್ಷವಾಗಿತ್ತು. ಒಳಗೆ ಮಹದೇವಪ್ಪ ತಲೆ ಎತ್ತಿ ಕೂತಿದ್ದ.

ಉಸಿರು ಸಿಗದೆ ಅವಳು ನಿಂತಾಗ, ಇನ್ನು ಹೋಗುತ್ತಾನೆ ಎಂದು ಬೀದಿಯವರು ದಾರಿ ಬಿಟ್ಟರು. ಶಿವಮಲ್ಲಪ್ಪ ಕದಲಲಿಲ್ಲ.

"ಇನ್ನೂ ಇದ್ರೆ ಹೇಳಿ ತಾಯಿ," ಎಂದ.

ಸುಮಿತ್ರಮ್ಮ ಚೊಂಬೆತ್ತಿ ಎರಡು ಗುಟುಕು ನೀರು ಕುಡಿದಳು. ಅವಳಿನ್ನೂ ಎರಡನೆಯ ವರ್ಷಕ್ಕೆ ಬಂದಿದ್ದಳಷ್ಟೆ.